ಮೀನು ಓಡಿ ಬಂದರೆ ಹಸಿವೇ ಅಂತ ಯಾರು ಹೇಳಿದರು?

ಪ್ರಶ್ನೆ: ತೊಟ್ಟಿ ಹತ್ತಿರ ಹೋದರೆ ಸಾಕು, ನಮ್ಮ ಗೋಲ್ಡ್‌ಫಿಶ್‌ಗಳು ಗಾಜಿಗೆ ಮೂತಿ ಒತ್ತಿ ಕುಣಿಯುತ್ತವೆ. ಪಾಪ, ಹಸಿದಿರಬೇಕು ಅಂತ ದಿನಕ್ಕೆ ಐದಾರು ಸಲ ಊಟ ಹಾಕುತ್ತೇನೆ. ಆದರೂ ಸಾಯುತ್ತಿವೆ. ಯಾಕೆ?

ಉತ್ತರ: ‘ಆದರೂ’ ಅಲ್ಲ, ‘ಅದಕ್ಕೇ’. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಹಾಗಾಗಿ ಒಮ್ಮೆ ಉದ್ದಕ್ಕೇ ಹೇಳಿಬಿಡುತ್ತೇನೆ.

ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ. ನಮ್ಮ ಕೆರೆಗಳ ಕಾಟ್ಲಾ, ರೋಹುಗಳಿಗೂ ಇಲ್ಲ. ಎಲ್ಲವೂ ಗೆಂಡೆ ಮೀನಿನ ಬಳಗ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನನ್ನು 1999ರಲ್ಲಿ ಜಪಾನಿನವರು ಪತ್ತೆ ಹಚ್ಚಿದ್ದು ಇಲಿಯ ಜಠರದಲ್ಲಿ. ಗೋಲ್ಡ್‌ಫಿಶ್‌ನಲ್ಲಿ ಅದು ಕರುಳಿನಿಂದ ಬರುತ್ತದೆ. ಅದನ್ನು ಚುಚ್ಚಿದಾಗ ಮೀನು ಹೆಚ್ಚು ತಿಂದಿದ್ದಷ್ಟೇ ಅಲ್ಲ, ಹೆಚ್ಚು ಈಜಾಡಿತು ಕೂಡ. ಮಿದುಳಿನಲ್ಲೇ ಹುಟ್ಟುವ ಒರೆಕ್ಸಿನ್ ಅನ್ನೋ ರಾಸಾಯನಿಕ ಮಾಡುವುದೂ ಇದನ್ನೇ. ಹುಡುಕಿಕೊಂಡು ಹೋಗದಿದ್ದರೆ ಮೀನಿಗೆ ಊಟ ಎಲ್ಲಿಂದ ಬರಬೇಕು? ಹಾಗೆಂದು ಎಲ್ಲ ಮೀನಿಗೂ ಇದೇ ಲೆಕ್ಕ ಹಾಕಬೇಡಿ. ಒಂದು ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್ ಅನ್ನೋ ಮೀನಿಗೆ ಗ್ರೆಲಿನ್ ಕೊಟ್ಟು ನೋಡಿದಾಗ ಅದು ತಿನ್ನುವುದನ್ನೇ ಕಡಿಮೆ ಮಾಡಿತ್ತು.

ಕರುಳಿಗೆ ಕೊಬ್ಬು, ಪ್ರೋಟೀನ್ ಇಳಿದಾಗ ಸಿಸಿಕೆ ಅನ್ನೋ ಇನ್ನೊಂದು ಹಾರ್ಮೋನ್ ‘ಸಾಕು’ ಅನ್ನುತ್ತದೆ. ಆ ಸುದ್ದಿ ಮಿದುಳು ಮುಟ್ಟುವಷ್ಟರಲ್ಲಿ ನೀವು ಇನ್ನೊಂದು ಹಿಡಿ ಸುರಿದಿರುತ್ತೀರಿ, ಅಲ್ವಾ?

ಈಗ ಕುಣಿತದ ವಿಷಯ. ದಿನಾ ಒಂದೇ ಹೊತ್ತಿಗೆ ಊಟ ಹಾಕಿದರೆ ಗೋಲ್ಡ್‌ಫಿಶ್ ಆ ಹೊತ್ತಿಗೆ ಮೊದಲೇ ಚುರುಕಾಗುತ್ತದೆ. ಊಟ ನಿಲ್ಲಿಸಿದರೂ ಕೆಲವು ದಿನ ಅದೇ ಹೊತ್ತಿಗೆ ಓಡಾಡುತ್ತದೆ. ನಿಮ್ಮ ಮನೆಯಲ್ಲಿ ಗಡಿಯಾರದ ಬದಲು ನಿಮ್ಮ ನೆರಳೇ ಗಂಟೆ ಬಾರಿಸುತ್ತಿದೆ. ಅಭ್ಯಾಸ ಮಾಡಿಸಿದವರು ನೀವೇ. ಅದಕ್ಕೆ ಹಸಿವು ಅಂತ ಹೆಸರಿಟ್ಟವರೂ ನೀವೇ.

ಸಾಯುವುದು ಹೊಟ್ಟೆ ಒಡೆದಲ್ಲ, ನೀರು ಕೆಟ್ಟು. ಉಳಿದ ಊಟ ಕೊಳೆತು, ಹಿಕ್ಕೆ ಸೇರಿ ಅಮೋನಿಯಾ ಏರುತ್ತದೆ, ಕಿವಿರು ಸುಡುತ್ತದೆ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಹಾಕಿ. ನನ್ನ ತೊಟ್ಟಿಗೆ ವಾರಕ್ಕೊಂದು ದಿನ ಉಪವಾಸ. ಮನೆಯವರು ಜಿಪುಣ ಅನ್ನುತ್ತಾರೆ, ಅನ್ನಲಿ.

ಪ್ರಶ್ನೆ: ‘ಹಸಿವಿನ ಹಾರ್ಮೋನ್ ಡ್ರಾಪ್ಸ್’ ಮೇವಿಗೆ ಬೆರೆಸಿದರೆ ಮೀನು ಬೇಗ ಬೆಳೆಯುತ್ತದಂತೆ. ಹೌದಾ?

ಉತ್ತರ: ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಗ್ರೆಲಿನ್ ಒಂದು ಪ್ರೋಟೀನ್ ತುಂಡು. ಬಾಯಿಂದ ಹೋದರೆ ಮಾಂಸದ ಚೂರಿನ ಹಾಗೆ ಜೀರ್ಣವಾಗುತ್ತದೆ. ಮೊಟ್ಟೆ ಇಡಿಸಲು ತಾಯಿ ಮೀನಿಗೆ ಹಾರ್ಮೋನ್ ಕೊಡುತ್ತಾರಲ್ಲ, ಅದನ್ನು ಸೂಜಿಯಲ್ಲಿ ಚುಚ್ಚುವುದು ಯಾಕೆ ಅಂದುಕೊಂಡಿರಿ? ಬಾಟಲಿ ಮಾರುವವನನ್ನು ಕೇಳಿ, ಒಳಗೇನಿದೆ ಅಂತ. ಉತ್ತರ ಬರುವುದಿಲ್ಲ, ಇನ್ನೊಂದು ಬಾಟಲಿ ಬರುತ್ತದೆ.

ಪ್ರಶ್ನೆ: ಬೆಳಗಿನ ಜಾವ ಹೊಂಡದ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಮೇವು ಹಾಕಲೇ?

ಉತ್ತರ: ಬೇಡ, ಬೇಡ, ಬೇಡ! ಅದು ಉಸಿರುಗಟ್ಟಿದ ಲಕ್ಷಣ. ರಾತ್ರಿಯಿಡೀ ಪಾಚಿಯೂ ಮೀನೂ ಆಮ್ಲಜನಕ ಬಳಸಿ, ಬೆಳಕು ಹರಿಯುವ ಮುಂಚೆ ಅದು ತೀರಾ ಇಳಿದಿರುತ್ತದೆ. ತಿಂದದ್ದು ಅರಗಲು ಇನ್ನಷ್ಟು ಆಮ್ಲಜನಕ ಬೇಕು. ಮೊದಲು ಪಂಪ್ ಹಾಕಿ ನೀರು ಚಿಮ್ಮಿಸಿ, ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಇದ್ದರೆ ಓಡಿಸಿ.

ಪ್ರಶ್ನೆ: ಗೋಲ್ಡ್‌ಫಿಶ್‌ಗೆ ಮೂರೇ ಸೆಕೆಂಡ್ ನೆನಪಂತೆ?

ಉತ್ತರ: ನಿಮ್ಮ ಊಟದ ಹೊತ್ತು ಅದಕ್ಕೆ ನೆನಪಿದೆ. ಮೇಲೆ ಬರೆದದ್ದು ನಿಮಗೆ ನೆನಪಿಲ್ಲ.