ಸ್ವರ ಸಂವಾದ: ಪೀಟರ್ಸ್‌ವೆಲ್‌ನ ಜೋ ಕೂಲೀ

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಬಟನ್ ಅಕಾರ್ಡಿಯನ್ ವಾದಕ, ದಿವಂಗತ ಜೋ ಕೂಲೀ ಅವರನ್ನು ‘ನಾನು ಕೇಳಿದ ಬಹುದೊಡ್ಡ ಲಯಗಾರರಲ್ಲಿ ಒಬ್ಬರು’ ಎಂದು ಬರೆದಿದ್ದೀರಿ. ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಅವರ ಆಲ್ಬಂ ಕಳಿಸಿಕೊಟ್ಟಳು. ಕೇಳಿದೆ. ಪಬ್ಬಿನ ಗದ್ದಲ, ಕೂಗಾಟವೇ ಹೆಚ್ಚು. ಇವರಿಗಿಂತ ವೇಗವಾಗಿ, ಅಚ್ಚುಕಟ್ಟಾಗಿ ನುಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ ಎನ್ನುತ್ತಾಳೆ ಮಗಳು. ಅಷ್ಟೊಂದು ಹೊಗಳಿಕೆ ಏಕೆ?
(ಓದುಗರು, ಶಿರಸಿ)

ಉತ್ತರ: ನಾನು ಹೊಗಳಿದ್ದು ಕಡಿಮೆಯಾಯಿತು ಎಂದೇ ನನ್ನ ಭಾವನೆ. ನೀವು ಕೇಳಿದ್ದು ಒಳ್ಳೆಯದಾಯಿತು, ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಆ ಗದ್ದಲದ ವಿಷಯ. ಆಲ್ಬಮ್ಮಿನ ಮುಖ್ಯ ಭಾಗ 1973ರ ನವೆಂಬರ್ 29ರಂದು ಪೀಟರ್ಸ್‌ವೆಲ್‌ನ ಲಹಿಫ್ ಪಬ್ಬಿನಲ್ಲಿ ಮುದ್ರಣವಾದದ್ದು. ಗಾಲ್ವೇ ಕೌಂಟಿಯ ದಕ್ಷಿಣಕ್ಕಿರುವ ಆ ಊರಿನಲ್ಲೇ 1924ರಲ್ಲಿ ಕೂಲೀ ಹುಟ್ಟಿದ್ದು. ಅಂದು ಅವರಿಗೆ 49 ವರ್ಷ, ಆರೋಗ್ಯ ಪೂರ್ತಿ ಕೆಟ್ಟಿತ್ತು. ತಿಂಗಳು ತುಂಬುವುದರೊಳಗೆ, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಪಕ್ಕದಲ್ಲಿ ಬ್ಯಾಂಜೋ ಹಿಡಿದು ಡೆಸ್ ಮಲ್ಕೇರ್, ಒಂದೇ ಮೈಯ ಚರ್ಮವಾದ್ಯ ಬೌರಾನ್ ಹಿಡಿದು ಸೋದರ ಜಾಕ್. ಎದುರಿಗೆ ಊರಿನವರು. ನೀವು ಗದ್ದಲ ಎಂದು ಕರೆದದ್ದು ಆ ಊರಿನವರ ದನಿಯನ್ನು. ಇನ್ನೊಮ್ಮೆ ಕೇಳಿ ನೋಡಿ: ಕೂಗು ಎಲ್ಲೆಂದರಲ್ಲಿ ಬರುವುದಿಲ್ಲ. ರಾಗದ ಮೊದಲ ಭಾಗ ಮುಗಿದು ಎರಡನೆಯದಕ್ಕೆ ಹೊರಳುವ ಜಾಗದಲ್ಲಿ, ಅಥವಾ ರೀಲ್ ಎಂಬ ಚುರುಕಾದ ಕುಣಿತದ ರಾಗ ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ದಾಟುವ ಕ್ಷಣದಲ್ಲಿ ಬರುತ್ತದೆ. ನಮ್ಮ ಕಚೇರಿಯಲ್ಲಿ ಸಮಕ್ಕೆ ಬಂದಾಗ ‘ಭಲೇ’ ಎನ್ನುವವರಿಗೆ ಲೆಕ್ಕ ಗೊತ್ತಿರುತ್ತದಲ್ಲ, ಇವರಿಗೂ ಗೊತ್ತಿದೆ. ಎಂಟೆಂಟು ಆವರ್ತದ ಎರಡು ಭಾಗ, ಪ್ರತಿಯೊಂದೂ ಎರಡು ಸಲ, ಒಟ್ಟು 32 ಆವರ್ತ. ಕುಣಿಯುವವರ ಹೆಜ್ಜೆಗೆಂದೇ ಹುಟ್ಟಿದ ಲೆಕ್ಕ ಅದು.

ಇನ್ನು ವೇಗ. ವೇಗವಾಗಿ ನುಡಿಸುವವರು ಇದ್ದಾರೆ ಎಂಬುದು ನಿಜ. ಆದರೆ ಅದು ಅಳತೆಗೋಲೇ ಅಲ್ಲ. ನಾನು ಕಂಪನಿ ನಾಟಕಗಳಿಗೆ ಪೇಟಿ ನುಡಿಸಿ ಬದುಕಿದವನು. ಪಾತ್ರಧಾರಿ ಹೆಜ್ಜೆ ಎತ್ತಿದಾಗ ಅವನ ಕಾಲಿನ ಕೆಳಗೆ ಸ್ವರ ಇಡುವುದು ಎಷ್ಟು ಕಷ್ಟವೆಂದು ಬಲ್ಲೆ. ತುಸು ಮೊದಲಾದರೆ ದೂಡಿದಂತೆ, ತುಸು ತಡವಾದರೆ ಎಳೆದಂತೆ. ಕೂಲೀ ಅವರ ರೀಲ್‌ಗಳಲ್ಲಿ ಈ ಎರಡೂ ಇಲ್ಲ. ಎರಡು ಸ್ವರಗಳ ಜೋಡಿಯಲ್ಲಿ ಮೊದಲನೆಯದರ ಮೇಲೆ ಕೂದಲೆಳೆಯಷ್ಟು ಹೆಚ್ಚು ನಿಲ್ಲುತ್ತಾರೆ, ಎರಡನೆಯದನ್ನು ಅಷ್ಟೇ ಹಗುರಾಗಿ ಬಿಡುತ್ತಾರೆ. ಆ ಕೂದಲೆಳೆ ಪ್ರತಿ ಸಲವೂ ಒಂದೇ ಅಳತೆಯದಲ್ಲ. ಅದಕ್ಕೇ ಕೇಳುವವನ ಕಾಲು ತಾನಾಗಿ ನೆಲ ತಟ್ಟುತ್ತದೆ. ಅಲಂಕಾರ ಬಹಳ ಕಡಿಮೆ, ಎಡಗೈಯ ಮಂದ್ರ ಗುಂಡಿಗಳ ಬಳಕೆಯೂ ಮಿತ. ತೆಗೆದುಹಾಕಬಹುದಾದ ಸ್ವರ ಒಂದೂ ನನಗೆ ಸಿಕ್ಕಿಲ್ಲ.

ಈ ಹದ ಅವರಿಗೆ ಮನೆಯಿಂದ ಬಂದದ್ದು. ತಂದೆ ತಾಯಿ ಇಬ್ಬರೂ ಮೆಲೋಡಿಯನ್ ಎಂಬ ಸರಳ ಬಟನ್ ಅಕಾರ್ಡಿಯನ್ ನುಡಿಸುತ್ತಿದ್ದರು, ಇನ್ನೊಬ್ಬ ಸೋದರ ಶೇಮಸ್ ಕೊಳಲು. ಕೂಲೀ ಬೆಳೆಯುವ ಕಾಲಕ್ಕೆ, 1935ರ ಕಾಯ್ದೆಯಿಂದಾಗಿ ಪರವಾನಗಿ ಇಲ್ಲದೆ ಸಾರ್ವಜನಿಕ ಕುಣಿತ ನಡೆಸುವಂತಿರಲಿಲ್ಲ. ಹಳ್ಳಿಯ ಮನೆಗಳ ಕುಣಿತಕ್ಕೂ ಅದರ ಬಿಸಿ ತಟ್ಟಿತು. ಅಡುಗೆಮನೆಯ ಕಲ್ಲುಹಾಸಿನ ಮೇಲಿದ್ದ ಸಂಗೀತ ಹಾಲ್‌ಗಳಿಗೆ ಹೋಯಿತು, ಕುಣಿತಕ್ಕೆ ನುಡಿಸುವ ದೊಡ್ಡ ಕೇಲೀ ಬ್ಯಾಂಡುಗಳು ಬಂದವು. 1946ರಲ್ಲಿ ಕ್ಲೇರ್ ಕೌಂಟಿಯಲ್ಲಿ ಶುರುವಾದ ಟಲ್ಲಾ ಕೇಲೀ ಬ್ಯಾಂಡಿನ ಮೊದಲ ತಂಡದಲ್ಲಿ ಕೂಲೀ ಇದ್ದರು. 1954ರಲ್ಲಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್, ಬಾಸ್ಟನ್, ಶಿಕಾಗೊ, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ. ಹೋದಲ್ಲೆಲ್ಲ ನುಡಿಸಿದರು, ಕಲಿಸಿದರು. ಹೆಸರು ಮಾಡುವ ಹಟ ಹಿಡಿಯಲಿಲ್ಲ. ಗೇಲ್ ಲಿನ್ ಸಂಸ್ಥೆ ಆ ಆಲ್ಬಂ ಹೊರತಂದದ್ದು 1975ರಲ್ಲಿ, ಅವರು ತೀರಿಕೊಂಡ ಮೇಲೆ.

ಒಂದೇ ಆಲ್ಬಂ ಅಲ್ಲವೇ ಎನ್ನಬಹುದು. ನನಗೆ ಅದು ಸಾಕಾಗಿದೆ. ಸಾವು ಬಾಗಿಲಿಗೆ ಬಂದಿರುವಾಗ ನುಡಿಸಿದ ಆ ರೀಲ್‌ಗಳಲ್ಲಿ ಒಂದು ಹನಿ ಅಳು ಇಲ್ಲ. ಊರಿನವರನ್ನು ಕುಣಿಸಬೇಕು ಎಂಬ ಒಂದೇ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಜನರನ್ನು ಎಚ್ಚರಕ್ಕೆ ತರುವ ಸಂಗೀತ ಇದೊಂದೇ ಎಂದು ತನಗನಿಸುತ್ತದೆ ಎಂದು ಅವರು ಹೇಳಿದ್ದರು. ಆ ಮಾತನ್ನು ಐರಿಷ್ ಸಂಗೀತಗಾರರು ಇವತ್ತಿಗೂ ನೆನೆಯುತ್ತಾರೆ. ಬೇರೆಯವರು ಹೇಳಿದ್ದರೆ ಅತಿಶಯ ಅನ್ನಿಸುತ್ತಿತ್ತೇನೋ. ಆ ಕೈಯಲ್ಲಿ ಕೇಳಿದ ಮೇಲೆ ನಾನು ಒಪ್ಪುತ್ತೇನೆ.

ಪ್ರಶ್ನೆ: ನಾನು ಪೇಟಿ ಕಲಿಯುತ್ತಿದ್ದೇನೆ. ಬಟನ್ ಅಕಾರ್ಡಿಯನ್ನಿನಲ್ಲಿರುವುದೂ ಲೋಹದ ರೀಡುಗಳೇ ಅಲ್ಲವೇ? ಹಾಗಾದರೆ ಕೂಲೀ ನುಡಿಸಿದ್ದನ್ನು ಪೇಟಿಯಲ್ಲಿ ನುಡಿಸಬಹುದೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಸ್ವರಗಳನ್ನು ನುಡಿಸಬಹುದು, ಆ ನಡೆ ಬರುವುದಿಲ್ಲ. ಕಾರಣ ತಿದಿಯಲ್ಲಿದೆ. ನಮ್ಮ ಪೇಟಿಯಲ್ಲಿ ಹಿಂದಿನ ತಿದಿ ಹಾಕಿದ ಗಾಳಿ ಒಳಗಿನ ಇನ್ನೊಂದು ತಿದಿಯಲ್ಲಿ ತುಂಬಿಕೊಂಡು ಒಂದೇ ಸಮನೆ ರೀಡಿಗೆ ಹೋಗುತ್ತದೆ. ಕೈ ಹೇಗೆ ಆಡಿದರೂ ಮನೆ ಒತ್ತಿದರೆ ಸ್ವರ ಅದೇ. ಬಟನ್ ಅಕಾರ್ಡಿಯನ್ನಿನಲ್ಲಿ ಹಾಗಲ್ಲ. ಒಂದು ಗುಂಡಿಗೆ ಎರಡು ಸ್ವರ, ತಿದಿ ಒತ್ತಿದರೆ ಒಂದು, ಎಳೆದರೆ ಇನ್ನೊಂದು. ಪೇಟಿಯವರು ‘ಬಿಳಿ ಎರಡು’ ಎನ್ನುವ ಶ್ರುತಿ (ಪಾಶ್ಚಾತ್ಯರ ಡಿ) ಷಡ್ಜವಾಗಿರುವ ಗುಂಡಿಗಳ ಸಾಲನ್ನು ತೆಗೆದುಕೊಳ್ಳಿ. ಒತ್ತಿದಾಗ ಸಿಗುವುದು ಸ, ಗ, ಪ. ಎಳೆದಾಗ ರಿ, ಮ, ಧ, ನಿ. ಅಂದರೆ ಸರಿಗಮ ಎನ್ನುವಷ್ಟರಲ್ಲಿ ತಿದಿ ಮೂರು ಸಲ ದಿಕ್ಕು ಬದಲಿಸಬೇಕು. ಪ್ರತಿ ಬದಲಾವಣೆಯಲ್ಲೂ ಸ್ವರಕ್ಕೆ ಒಂದು ಚಿಕ್ಕ ತಟ್ಟು ಬೀಳುತ್ತದೆ. ಕೂಲೀ ಹಿಡಿದದ್ದು ಈ ಹಳೆಯ, ಒತ್ತಿ ಎಳೆಯುವ ಶೈಲಿ. ಅವರ ಲಯ ಬೆರಳಿನಲ್ಲಿರುವಷ್ಟೇ ತೋಳಿನಲ್ಲೂ ಇತ್ತು.

1950ರ ದಶಕದಲ್ಲಿ ಟಿಪ್ಪರರಿಯ ಪ್ಯಾಡಿ ಓಬ್ರಿಯನ್ ಇನ್ನೊಂದು ದಾರಿ ಜನಪ್ರಿಯಗೊಳಿಸಿದರು. ಬಿಳಿ ಏಳು, ಬಿಳಿ ಒಂದು ಹೀಗೆ ಅರ್ಧ ಸ್ವರದ ಅಂತರವಿರುವ ಎರಡು ಸಾಲುಗಳ ನಡುವೆ ಬೆರಳು ದಾಟಿಸುತ್ತಾ, ಒಂದೇ ಎಳೆತದಲ್ಲಿ ಹೆಚ್ಚು ಸ್ವರ ನುಡಿಸುವುದು. ಆಗ ಹರಿವು ನುಣುಪಾಗುತ್ತದೆ, ಸೂಕ್ಷ್ಮ ಅಲಂಕಾರಗಳು ಸುಲಭವಾಗುತ್ತವೆ. ಎಷ್ಟೋ ಮಂದಿ ಆ ದಾರಿ ಹಿಡಿದರು. ಓಬ್ರಿಯನ್ ದೊಡ್ಡ ಕಲಾವಿದರು, ಅವರ ಬಗ್ಗೆ ನನಗೆ ಗೌರವವಿದೆ. ನನ್ನ ಮನಸ್ಸು ಮಾತ್ರ ಹಳೆಯ ದಾರಿಯ ಕಡೆಗೇ ಇದೆ.

ಪ್ರಶ್ನೆ: ಹಾರ್ಮೋನಿಯಂ ಅನ್ನು ಪರದೇಶಿ ವಾದ್ಯವೆಂದು ಆಕಾಶವಾಣಿ ದೂರವಿಟ್ಟಿತ್ತಲ್ಲ, ಐರ್ಲೆಂಡಿನಲ್ಲಿ ಅಕಾರ್ಡಿಯನ್ ಬಗ್ಗೆಯೂ ಅಂಥ ತಾತ್ಸಾರ ಇತ್ತೇ?
(ಓದುಗರು, ಬೆಳಗಾವಿ)

ಉತ್ತರ: ಇತ್ತು. ಇಲ್ಲಿ 1940ರಲ್ಲಿ ಬಂದ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅಲ್ಲಿ ಯಾರೂ ನಿಷೇಧಿಸಲಿಲ್ಲ, ಆದರೆ ಸಂಯೋಜಕ ಶಾನ್ ಓ ರಿಯಾಡ 1962ರ ತಮ್ಮ ರೇಡಿಯೊ ಉಪನ್ಯಾಸ ಮಾಲೆಯಲ್ಲಿ ಅಕಾರ್ಡಿಯನ್ನನ್ನು ಬಹಳ ಕಟುವಾಗಿ ಹಳಿದರು. ಅವರು ಕಟ್ಟಿದ ವಾದ್ಯವೃಂದದಲ್ಲೇ ಅಕಾರ್ಡಿಯನ್ ವಾದಕರಿದ್ದರು ಎಂಬುದನ್ನೂ ಹೇಳಬೇಕು. ಗಮಕ ಬರುವುದಿಲ್ಲ ಎಂದು ಪೇಟಿಯನ್ನು ದೂರುವವರ ಮಾತಿನಲ್ಲಿ ಹುರುಳಿದೆ. ಆದರೆ ವಾದ್ಯ ಕೊಡಲಾರದ್ದನ್ನು ಎಣಿಸುತ್ತಾ ಕುಳಿತವರಿಗೆ, ಅದು ಕೊಟ್ಟದ್ದು ಕೇಳಿಸುವುದಿಲ್ಲ.

ಪ್ರಶ್ನೆ: ಕೂಲೀ ನಂತರ ಯಾರನ್ನು ಕೇಳಬೇಕು?
(ಓದುಗರು, ಮೈಸೂರು)

ಉತ್ತರ: ಟೋನಿ ಮ್ಯಾಕ್‌ಮಹೋನ್ ಅವರನ್ನು. ಬಾಲ್ಯದಲ್ಲೇ ಎನಿಸ್ ಪಟ್ಟಣದ ತಮ್ಮ ಮನೆಗೆ ಬರುತ್ತಿದ್ದ ಕೂಲೀ ಅವರಿಂದ ಮನಸೋತವರು, ಪೀಟರ್ಸ್‌ವೆಲ್ ಧ್ವನಿಮುದ್ರಣದ ಹಿಂದಿದ್ದವರೂ ಅವರೇ. ಅವರ ನಿಧಾನದ ಆಲಾಪದಂಥ ರಾಗಗಳನ್ನು ಮೊದಲು ಕೇಳಿ. ಆಮೇಲೆ ನೋಯೆಲ್ ಹಿಲ್ ಅವರ ಕನ್ಸರ್ಟಿನಾ (ಎರಡು ಕೈಯಲ್ಲಿ ಹಿಡಿದು ನುಡಿಸುವ ಚಿಕ್ಕ ತಿದಿವಾದ್ಯ) ಜೊತೆ, ಕಾರ್ಕ್ ಕೌಂಟಿಯ ನಾಕ್‌ನಗ್ರೀಯಲ್ಲಿ ನರ್ತಕರ ಮುಂದೆ ನುಡಿಸಿದ 1985ರ ಆಲ್ಬಂ. ಅದರಲ್ಲಿ ಕಾಲಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಎರಡು ಸಾಲಿನ ಹೊಸ ಶೈಲಿಗೆ ಗಾಲ್ವೇಯ ಜೋ ಬರ್ಕ್. ಮ್ಯಾಕ್‌ಮಹೋನ್, ಬರ್ಕ್ ಇಬ್ಬರೂ 1939ರಲ್ಲಿ ಹುಟ್ಟಿ 2021ರಲ್ಲಿ ಹೋದರು.

ಕೂಲೀ ಅವರ ಆಲ್ಬಂ ಅನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಜಾಕ್ ಅವರ ಬೌರಾನ್ ಪೆಟ್ಟು ಅದರಲ್ಲಿ ಸರಿಯಾಗಿ ಕೇಳುವುದಿಲ್ಲ.