‘ಡಿಸೈಡ್’ ಕಡಿದದ್ದು ಏನನ್ನು?

ಪ್ರಶ್ನೆ: ‘ಸೂಯಿಸೈಡ್, ಪೆಸ್ಟಿಸೈಡ್‌ಗಳಲ್ಲಿರುವ ಸೈಡ್ ಅಂದರೆ ಕೊಲ್ಲುವುದು. ಹಾಗಾಗಿ ಡಿಸೈಡ್ ಮಾಡುವುದೆಂದರೆ ಉಳಿದ ಆಯ್ಕೆಗಳನ್ನೆಲ್ಲ ಕೊಲ್ಲುವುದು’ ಎಂದು ಭಾಷಣವೊಂದರಲ್ಲಿ ಕೇಳಿದೆ. ನಿಜವೇ? ಎಲೆ ಉದುರಿಸುವ ಮರಗಳಿಗೆ ಹೇಳುವ ‘ಡೆಸಿಡ್ಯುವಸ್’ ಕೂಡ ಇದೇ ಕುಟುಂಬದ್ದೇ?

ಉತ್ತರ: ನಂಟು ನಿಜ, ವ್ಯಾಖ್ಯಾನ ಸರಿಯಿಲ್ಲ. ಲ್ಯಾಟಿನ್‌ನಲ್ಲಿ ‘ಕೈದೆರೆ’ ಎಂಬ ಧಾತುವಿದೆ. ಕಡಿ, ಹೊಡೆದುರುಳಿಸು ಎಂಬುದು ಅದರ ಅರ್ಥ. ಕೊಲ್ಲು ಎಂಬುದಕ್ಕೂ ಅದನ್ನೇ ಬಳಸುತ್ತಿದ್ದರು. ಸೂಯಿಸೈಡ್, ಹೋಮಿಸೈಡ್‌ಗಳು ಆ ಕೊಲ್ಲುವ ಅರ್ಥದಿಂದ ಹುಟ್ಟಿದವು. ‘ದೇ’ ಎಂಬ ಉಪಸರ್ಗ ಸೇರಿ ಆದ ‘ದೇಕೀದೆರೆ’ಯೇ ಡಿಸೈಡ್‌ನ ಮೂಲ. ಅದಕ್ಕೆ ಕಡಿದು ಹಾಕು ಎಂದರ್ಥ, ಕೊಲೆಯ ವಾಸನೆ ಅದರಲ್ಲಿಲ್ಲ. ಇನ್‌ಸಿಷನ್, ಪ್ರಿಸೈಸ್, ಕನ್ಸೈಸ್ ಪದಗಳೂ ಈ ಕಡಿಯುವ ಬಳಗದವೇ.

ಹಾಗಾದರೆ ಕಡಿದದ್ದು ಏನನ್ನು? ಆಯ್ಕೆಗಳನ್ನಲ್ಲ, ಜಗಳವನ್ನು. ನಟ ರೋಸ್ಕಿಯಸ್‌ನ ಪರವಾಗಿ ಪ್ರಾಚೀನ ರೋಮಿನ ವಕೀಲ, ವಾಗ್ಮಿ ಸಿಸೆರೊ ಮಾಡಿದ ವಾದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ರೋಸ್ಕಿಯಸ್ ಮತ್ತು ಅವನ ಪಾಲುದಾರನಿಗೆ ಸೇರಿದ್ದ ಪನುರ್ಗಸ್ ಎಂಬ ಗುಲಾಮನನ್ನು ಫ್ಲಾವಿಯಸ್ ಎಂಬವನು ಕೊಂದ. ಪರಿಹಾರವಾಗಿ ಒಂದು ಜಮೀನು ಪಡೆದು ರೋಸ್ಕಿಯಸ್ ರಾಜಿಯಾದ. ಆ ರಾಜಿ ಇಬ್ಬರ ಪರವಾಗಿಯೋ, ಅವನ ಪಾಲಿಗೆ ಮಾತ್ರವೋ ಎಂಬುದೇ ವ್ಯಾಜ್ಯ. ಈ ‘ರಾಜಿಯಾಗು, ಇತ್ಯರ್ಥ ಮಾಡಿಕೊ’ ಎಂಬ ಅರ್ಥಕ್ಕೆ ಸಿಸೆರೊ ಬಳಸಿದ್ದು ‘ದೇಕೀದೆರೆ’ಯನ್ನೇ. ಅದು ಇಬ್ಬರ ನಡುವಿನ ವ್ಯವಹಾರದ ಮಾತೇ ಹೊರತು ಒಬ್ಬನೇ ಕೂತು ಯೋಚಿಸುವ ಮಾತಾಗಿರಲಿಲ್ಲ.

ಕನ್ನಡದವರಿಗೆ ಇದು ವಿಚಿತ್ರ ಎನಿಸಬೇಕಿಲ್ಲ. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಖಂಡಿತ’ದ ಮೂಲ ಅರ್ಥವೂ ತುಂಡರಿಸಿದ್ದು ಎಂದೇ.

ಫ್ರೆಂಚ್ ಮೂಲಕ 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂದಾಗಲೂ ಡಿಸೈಡ್‌ನ ಕೆಲಸ ವ್ಯಾಜ್ಯ ತೀರಿಸುವುದೇ ಆಗಿತ್ತು. ‘ನಾನು ಹೋಗಲು ಡಿಸೈಡ್ ಮಾಡಿದೆ’ ಎನ್ನುವ ಮನಸ್ಸಿನೊಳಗಿನ ನಿರ್ಧಾರ ಆಮೇಲೆ ಬಂದದ್ದು. ಹಳೆಯ ಅರ್ಥ ಇನ್ನೂ ಜೀವಂತವಾಗಿದೆ: ನ್ಯಾಯಾಧೀಶರು ಕೇಸ್ ಡಿಸೈಡ್ ಮಾಡುತ್ತಾರೆ, ಸರಣಿ ಸಮವಾಗಿದ್ದರೆ ಕೊನೆಯ ಪಂದ್ಯ ‘ಡಿಸೈಡರ್’ ಆಗುತ್ತದೆ.

ಇನ್ನು ಡೆಸಿಡ್ಯುವಸ್. ಅದು ಬೇರೆಯೇ ಮನೆಯದು. ಅದರ ಮೂಲ ‘ಕದೆರೆ’, ಅಂದರೆ ಬೀಳು. ಉಪಸರ್ಗ ಸೇರಿದಾಗ ಅದು ‘ದೇಕಿದೆರೆ’ ಆಗುತ್ತದೆ. ದೀರ್ಘ ‘ಕೀ’ ಇದ್ದರೆ ಕಡಿ, ಹ್ರಸ್ವ ‘ಕಿ’ ಇದ್ದರೆ ಕೆಳಗೆ ಬೀಳು! ಲ್ಯಾಟಿನ್ ಬರಹದಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ರೀತಿ ಕಾಣುತ್ತವೆ, ಗೊಂದಲ ಅಲ್ಲಿಂದಲೇ. ನಮ್ಮ ಲಿಪಿಯಲ್ಲಿ ಬರೆದರೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಆಕ್ಸಿಡೆಂಟ್, ಇನ್ಸಿಡೆಂಟ್‌ಗಳೂ ಈ ಬೀಳುವ ಮನೆಯವು.

ಒಂದು ಬಳಕೆಯನ್ನು ಮಾತ್ರ ಗಮನಿಸಿ, ಕಲಿಯುವವರು ಇಲ್ಲಿ ತಡವರಿಸುತ್ತಾರೆ. ‘ದಟ್ ಡಿಸೈಡೆಡ್ ಮಿ’ ಎಂದರೆ ಅದು ನನ್ನ ಬಗ್ಗೆ ತೀರ್ಪು ಕೊಟ್ಟಿತು ಎಂದಲ್ಲ. ತೂಗುಯ್ಯಾಲೆಯಲ್ಲಿದ್ದ ನಾನು ಮನಸ್ಸು ಗಟ್ಟಿ ಮಾಡಲು ಅದೇ ಕಾರಣವಾಯಿತು ಎಂದು. ‘ಡಿಸೈಡೆಡ್ ಅಡ್ವಾಂಟೇಜ್’ ಎಂಬಲ್ಲಂತೂ ಯಾರೂ ಏನನ್ನೂ ನಿರ್ಧರಿಸಿರುವುದಿಲ್ಲ, ಅನುಕೂಲ ಎದ್ದು ಕಾಣುತ್ತಿದೆ ಎಂದಷ್ಟೇ ಅರ್ಥ.