ಪೆಸಿಫಿಕ್ ಕಾದರೆ ಚಳ್ಳಕೆರೆ ಯಾಕೆ ಒಣಗುತ್ತೆ?

ಪ್ರಶ್ನೆ: 2023ರ ಆಗಸ್ಟ್‌ನಲ್ಲಿ ನಮ್ಮ ಶೇಂಗಾ ಹೊಲ ಒಣಗಿಹೋಯಿತು. ಎಲ್ ನಿನೊ ಕಾರಣ ಎಂದು ಟಿವಿಯಲ್ಲಿ ಹೇಳಿದರು. ಎಲ್ಲಿಯ ಪೆಸಿಫಿಕ್ ಸಾಗರ, ಎಲ್ಲಿಯ ಚಳ್ಳಕೆರೆ! ಅಲ್ಲಿ ನೀರು ಬಿಸಿಯಾದರೆ ಇಲ್ಲಿ ಮಳೆ ಯಾಕೆ ನಿಲ್ಲಬೇಕು? ಎಲ್ ನಿನೊ ಬಂದ ವರ್ಷವೆಲ್ಲ ಬರವೇನಾ?
– ರೈತ ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಆ ಆಗಸ್ಟ್‌ನಲ್ಲಿ ನಾನೂ ಪಾವಗಡದ ಕಡೆ ನಮ್ಮಣ್ಣನ ಹೊಲದಲ್ಲಿ ನಿಂತಿದ್ದೆ. ಶೇಂಗಾ ಹೂವೇನೋ ಬಿಟ್ಟಿತ್ತು. ಕಾಯಿ ಕಟ್ಟೋಕೆ ಮಣ್ಣಿಗೆ ಇಳಿಯಬೇಕಾದ ಸೂಜಿಯಂಥ ಕಡ್ಡಿ ಗಟ್ಟಿ ನೆಲಕ್ಕೆ ತಾಗಿ ಅಲ್ಲೇ ಕಪ್ಪಾಗಿತ್ತು. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಅಂತಾರಲ್ಲ, ಆ ಸಲ ಮಘೆ ಸುಮ್ನೆ ಮೋಡ ತೋರಿಸಿ ಹೋಯಿತು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ವಾಡಿಕೆಗಿಂತ ಶೇ 36 ಕಡಿಮೆ.

ಈಗ ಸಾಗರಕ್ಕೆ ಬರೋಣ. ನೀರು ಎಲ್ಲಿ ಜಾಸ್ತಿ ಬೆಚ್ಚಗಿದೆಯೋ ಅಲ್ಲಿ ಹಸಿ ಗಾಳಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ. ಪೆಸಿಫಿಕ್‌ನ ಬಿಸಿ ನೀರನ್ನು ಪೂರ್ವದ ಗಾಳಿ ಸಾಮಾನ್ಯವಾಗಿ ಇಂಡೊನೇಷ್ಯಾ ಕಡೆಗೆ ತಳ್ಳಿ ಇಟ್ಟಿರುತ್ತದೆ. ಎಲ್ ನಿನೊ ವರ್ಷ ಆ ಗಾಳಿ ಸೊರಗುತ್ತದೆ. ಬಿಸಿ ನೀರು ಪೆರು ದೇಶದತ್ತ ಜರುಗುತ್ತದೆ, ಅದರ ಹಿಂದೆಯೇ ಮೋಡವೂ ಹೊರಡುತ್ತದೆ. ಮೇಲೆದ್ದ ಗಾಳಿ ಎಲ್ಲಾದರೂ ಇಳಿಯಲೇಬೇಕು, ಅಲ್ವಾ? ಎಷ್ಟೋ ಸಲ ಅದು ಇಳಿಯೋದು ನಮ್ಮ ತಲೆ ಮೇಲೇ. ಇಳಿಯುವ ಗಾಳಿ ಮೋಡವನ್ನು ಬೆಳೆಯಲು ಬಿಡುವುದಿಲ್ಲ.

ಹಾಗಂತ ಪ್ರತಿ ಸಲ ಬರವಲ್ಲ. 1997ರಲ್ಲಿ ಎಲ್ ನಿನೊ ಭಾರೀ ಜೋರಾಗಿತ್ತು, ಆದರೂ ದೇಶದ ಮುಂಗಾರು ವಾಡಿಕೆಯಷ್ಟು ಆಯಿತು. 2002ರಲ್ಲಿ ಬಂದದ್ದು ಅದಕ್ಕಿಂತ ಸಣ್ಣದು. ಜುಲೈ ಮಳೆಯಲ್ಲಿ ಅರ್ಧವನ್ನೇ ನುಂಗಿತು! ನಮ್ಮ ಹತ್ತಿರದ ಸಾಗರದ್ದೂ ಒಂದು ಮಾತಿದೆ ನೋಡಿ. ಹಿಂದೂ ಮಹಾಸಾಗರ ಆಫ್ರಿಕಾ ಕಡೆ ಬೆಚ್ಚಗಿದ್ದು ಸುಮಾತ್ರಾ ಕಡೆ ತಣ್ಣಗಿದ್ದರೆ ನಮಗೆ ಅನುಕೂಲ. 1997ರಲ್ಲಿ ಹಾಗಿತ್ತು. 2023ರಲ್ಲೂ ಆಯಿತು, ಆದರೆ ತಡವಾಗಿ. ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ವಾಡಿಕೆಗಿಂತ ಶೇ 13 ಹೆಚ್ಚು ಮಳೆ ಬಿತ್ತು. ಮುಂಗಾರಿನ ನಾಲ್ಕು ತಿಂಗಳು ಕೂಡಿಸಿದಾಗ ವಾಡಿಕೆಯ ಶೇ 94ರಷ್ಟು ಮಳೆ ಎಂದು ಬರೆದುಕೊಂಡರು. ಕಾಗದದ ಮೇಲೆ ಪರವಾಗಿಲ್ಲ ಅನ್ನಿಸುವ ಲೆಕ್ಕವೇ. ನಮ್ಮಣ್ಣ ಅಷ್ಟರಲ್ಲಿ ಶೇಂಗಾ ಕಿತ್ತು ದನಕ್ಕೆ ಹಾಕಿಯಾಗಿತ್ತು.